ಹುಳ ಇದ್ದಾಗಿನ ಸಾರು

ಅಮ್ಮನ ಅಡುಗೆ ಪುಸ್ತಕ ಪುಸ್ತಕವೇ ಅಲ್ಲ.
ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿನ ಚೀಟಿಗಳು,
ದಬ್ಬಣದಲ್ಲಿ ತೂತು ಮಾಡಿ
ಹಳೇ ಚಂದ್ರಿಕೆಯ ದಾರದಲ್ಲಿ ಪೋಣಿಸಿದ್ದು.
ಮುಂದೆ ಲಾಟ್ ನಂಬರು, ತೂಕ, ರೇಟು.
ಹಿಂದೆ ಮಸ್ಸೊಪ್ಪು.

ಪಾತ್ರೆ ಪಗಡ ಹಂಚಿಕೊಂಡ ದಿನ
ಅಶ್ವತ್ಥಕ್ಕ ಒಳಕಲ್ಲು ಬೇಕೆಂದಳು,
ಪ್ರಮೀಳಾ ಕಂಚಿನ ತಪ್ಪಲೆ.
ಚೀಟಿಗಳನ್ನು ಇಬ್ಬರೂ ತಿರುವಿ ನೋಡಿ
"ಇದೆಲ್ಲ ನಮಗೆ ಬಾಯಿಗೇ ಬರುತ್ತಲ್ಲ" ಎಂದರು.
ಹಾಗಾಗಿ ನನಗೆ ಬಂತು.
ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೇಟು ಹರಿದವನು,
ಚೀಟಿ ಜೋಪಾನ ಮಾಡುವುದು ಇವನಿಗೆ ಗೊತ್ತು ಅಂತ.

ನಾಲ್ಕನೇ ಕ್ಲಾಸಿನ ಕನ್ನಡ ಅಕ್ಷರ, ಒಳಗೆ ತೆಲುಗು ಮಾತು.
ಚಿಂತಪಂಡು ನಿಮ್ಮಕಾಯಂತ.
ಉಪ್ಪು ಚೂಸಿ ವೇಯಿ.
ಚೂಸಿ ಅಂದರೆ ನೋಡಿ. ಎಷ್ಟು ಹೊತ್ತು ನೋಡಬೇಕು,
ಅದು ಬರೆದಿಲ್ಲ.
ಗಡಿಯಾರವೂ ಇಲ್ಲ ಎಲ್ಲಿಯೂ:
"ಹುಳಕ್ಕೆ ಸೊಪ್ಪು ಹಾಕಿ ಬರೋವಷ್ಟರಲ್ಲಿ
ಬೇಳೆ ಬೆಂದಿರುತ್ತೆ."
ಎಷ್ಟು ಹುಳವಮ್ಮ? ನೂರು ಮೊಟ್ಟೆಯದೋ, ಇನ್ನೂರರದೋ?
ನನ್ನ ಬೇಳೆ ಸೀದುಹೋಯಿತು, ಎರಡು ಸಲ.

ರೀಲರ್ ಗಫಾರ್ ಸಾಬರ ಹೆಸರಿರುವ ಚೀಟಿಯ ಹಿಂದೆ
ಅವರ ಮನೆಯಾಕೆ ಹೇಳಿಕೊಟ್ಟ ದಾಲ್ಚಾ.
ಮೂಳೆ ಎಂಬುದನ್ನು ಹೊಡೆದು ಸೋರೆಕಾಯಿ ಎಂದು ಬರೆದಿದ್ದಾಳೆ.
ಸೋರೆಕಾಯಿ ಹೊಡೆದು, ಬೇರೆ ಶಾಯಿಯಲ್ಲಿ, ಮತ್ತೆ ಮೂಳೆ.
ಆ ಎರಡು ಗೀಟುಗಳ ನಡುವೆ
ಭಜನೆಗೆ ಸೇರಿ ಮಾಂಸ ಬಿಡಿಸಿದ್ದ ಅಜ್ಜಿ
ತೀರಿಕೊಂಡಿರಬೇಕು.

ಮುಂದೆ ನೂರಾ ನಲವತ್ತೆರಡು ರೂಪಾಯಿ ಎಂದಿದ್ದರೆ
ಹಿಂದೆ ಕಾಯೊಬ್ಬಟ್ಟು. ಸರಿ.
ಐವತ್ತೆಂಟು ಎಂದಿದ್ದರೆ ಹುರುಳಿ ಚಟ್ನಿ. ಅದೂ ಸರಿ.
ಆದರೆ ಒಂದರಲ್ಲಿ ಐವತ್ತೆಂಟರ ಹಿಂದೆಯೇ ಒಬ್ಬಟ್ಟು,
ತುಪ್ಪದ ಕಲೆ ಸಮೇತ.
ಬಹಳ ದಿನ ತಿರುಗಿಸಿ ಮುರುಗಿಸಿ ನೋಡಿದೆ.
ತಾರೀಖು ಓದಿದ ಮೇಲೆ ತಿಳಿಯಿತು,
ನಾನು ಎಸ್ಸೆಲ್ಸಿ ಫೇಲಾದ ವಾರ.

ಕೊನೆಯ ಕಟ್ಟಿನ ಮೇಲೆ ಗುರುತು: ಹುಳ ಇದ್ದಾಗ.
ನಾಲ್ಕನೇ ಜ್ವರದಿಂದ ಎದ್ದು ಹಣ್ಣಾಗುವವರೆಗೆ
ನಮ್ಮ ಮನೆಯಲ್ಲಿ ಒಗ್ಗರಣೆ ಇರಲಿಲ್ಲ.
ಘಾಟು ಹುಳಕ್ಕಾಗದು.
ಮೆಣಸಿನಕಾಯಿ ಸುಡುವಂತಿಲ್ಲ, ಬೆಳ್ಳುಳ್ಳಿ ಹುರಿಯುವಂತಿಲ್ಲ,
ಅಪ್ಪ ಒಂದು ಬೀಡಿಗೆ
ಹುಣಿಸೇಮರದವರೆಗೆ ನಡೆಯಬೇಕು.
ಹಸಿ ಕಾಯಿ, ಹಸಿಮೆಣಸು, ಕೊತ್ತಂಬರಿ ನುಣ್ಣಗೆ ರುಬ್ಬಿ
ಬೇಳೆಕಟ್ಟಿಗೆ ಹಾಕು. ಕುದಿಸಬೇಡ.
ಬೆಚ್ಚಗಾದರೆ ಸಾಕು.

ಸಪ್ಪೆ ಎಂದು ನಾವು ಮೂವರೂ ಗೊಣಗುವೆವು.
ಅವಳು ಬೆರಳೆತ್ತಿ ಪಕ್ಕದ ಕೋಣೆ ತೋರಿಸುವಳು:
ಬರಬರ, ಬರಬರ,
ನಮಗಿಂತ ಜೋರಾಗಿ ಉಣ್ಣುವವರು ಅಲ್ಲಿದ್ದರು,
ಯಾವ ದೂರೂ ಇಲ್ಲದೆ.

ಗೂಡು ಮಾರಿ ಬಂದ ಸಂಜೆ ಸಾಸಿವೆ ಸಿಡಿಸುವಳು.
ಸಾರು ಇನ್ನೂ ಆಗಿರುತ್ತಿರಲಿಲ್ಲ.
ಬರೀ ಎಣ್ಣೆಯಲ್ಲಿ, ಬಾಗಿಲು ತೆರೆದಿಟ್ಟು,
ಬೀದಿಗೆಲ್ಲ ಗೊತ್ತಾಗಲಿ ಎಂದು.

ನಾನಿರುವುದು ಚಿಂತಾಮಣಿಯಲ್ಲಿ, ಡಿಪೋ ಹಿಂದಿನ ಬೀದಿ, ಮಹಡಿ ಮನೆ.
ಹಿಪ್ಪುನೇರಳೆ ಇಲ್ಲ, ತಟ್ಟೆ ಇಲ್ಲ.
ನಿನ್ನೆ ಆ ಸಾರಿಗೆ ಕೈಹಾಕಿದೆ.
ಬೇಳೆ ಸೀಯಲಿಲ್ಲ.
ಒಂದು ಮದನಪಲ್ಲಿ ಬಸ್ಸು ಹೊರಟು
ಇನ್ನೊಂದು ಬಂದು ನಿಲ್ಲುವಷ್ಟರಲ್ಲಿ ಬೇಯುತ್ತದೆ, ಲೆಕ್ಕ ಸಿಕ್ಕಿತು.
ಟಿಕೇಟಿನ ಹಿಂದೆ ಬರೆದು ಪೋಣಿಸಿದೆ.

ಸುಕನ್ಯ ಒಂದು ಚಮಚ ರುಚಿ ನೋಡಿದಳು,
ಏನೂ ಅನ್ನಲಿಲ್ಲ,
ಒಗ್ಗರಣೆ ಸೌಟಿಗೆ ಎಣ್ಣೆ ಬಿಟ್ಟು ಒಲೆಗಿಟ್ಟಳು.
ನನ್ನ ಕೈ ತಾನಾಗಿ ಹೋಗಿ ಗ್ಯಾಸು ಆರಿಸಿತು.

"ಮೆಲ್ಲಗೆ," ಅಂದೆ.
"ಹುಳ ಅವೆ ಮನೇಲಿ."