ನಿಮ್ಹಾನ್ಸ್ ಸ್ಟಾಪು

ಹದಿನಾಲ್ಕು ವರ್ಷ ಕೂಗಿದ್ದೇನೆ ಈ ಹೆಸರು:
'ಯಾರ್ರೀ ನಿಮ್ಹಾನ್ಸ್, ಮುಂದೆ ಬನ್ನಿ!'
ಹಿಂದಿನ ಸೀಟಿನಲ್ಲಿ ಯಾವನಾದರೂ ಒಬ್ಬ
ಪಕ್ಕದವನ ಭುಜ ತಟ್ಟುತ್ತಾನೆ, 'ಏ, ನಿನ್ ಸ್ಟಾಪ್ ಬಂತು ಕಣೋ.'
ಬಸ್ಸೆಲ್ಲ ನಗು. ನಾನೂ ನಕ್ಕಿದ್ದೇನೆ,
ನಗುತ್ತಲೇ ಸೀಟಿ ಊದಿದ್ದೇನೆ.

ಶುರುವಾದದ್ದು ಚಿಲ್ಲರೆಯಿಂದ.
ಡಿಪೋದಲ್ಲಿ ಲೆಕ್ಕ ಒಪ್ಪಿಸಿ ಬಂದ ಮೇಲೂ
ಸೊಳ್ಳೆಪರದೆಯೊಳಗೆ ಬೆರಳು ಎಣಿಸುತ್ತಿದ್ದವು
ಐದು, ಹತ್ತು, ಹತ್ತು, ಇಪ್ಪತ್ತು,
ಮತ್ತೆ ಮೊದಲಿಂದ.

ಆಮೇಲೊಂದು ಸಂಜೆ, ಡೈರಿ ಸರ್ಕಲ್ ಸಿಗ್ನಲ್ಲು.
ಬಸ್ಸು ನಿಂತಿತ್ತು, ಎದೆ ಓಡುತ್ತಿತ್ತು.
ಕೈ ಜೋಮು ಹಿಡಿಯಿತು.
ಗಾಳಿ ಎಲ್ಲರಿಗೂ ಇತ್ತು, ನನಗೊಬ್ಬಳಿಗೆ ಇಲ್ಲ.
ಸತ್ತೆ ಅಂದುಕೊಂಡೆ, ಖಾಕಿಯಲ್ಲೇ,
ಬ್ಯಾಗು ಯಾರ ಕೈಗೂ ಕೊಡದೆ.

ಜಯದೇವದಲ್ಲಿ ಇಸಿಜಿ ತೆಗೆದು
'ಹಾರ್ಟು ಗಟ್ಟಿಯಾಗಿದೆಯಮ್ಮ' ಅಂದರು.
ಅತ್ತೆ ಮೆಣಸಿನಕಾಯಿ ನಿವಾಳಿಸಿ ಸುಟ್ಟರು,
'ಘಾಟೇ ಇಲ್ಲ ನೋಡು, ದೃಷ್ಟಿಯೇ' ಎಂದರು.
ನಾನು ಕೆಮ್ಮು ನುಂಗಿಕೊಂಡೆ.

ಜಯದೇವದಿಂದ ನಿಮ್ಹಾನ್ಸಿಗೆ
ಹತ್ತಿ ಕೂರುವಷ್ಟರಲ್ಲಿ ಇಳಿಯುವ ದೂರ.
ನನಗೆ ಹಿಡಿದದ್ದು ಹನ್ನೊಂದು ತಿಂಗಳು.

ಇವತ್ತು ವಾರದ ರಜೆ. ಸೀರೆ ಉಟ್ಟೆ.
ಕಂಡಕ್ಟರ್ ಹುಡುಗಿ ಹೊಸಬಳು, ಗುರುತು ಹಿಡಿಯಲಿಲ್ಲ.
ವಿಲ್ಸನ್ ಗಾರ್ಡನ್ ಎಂದು ಟಿಕೆಟ್ ತಗೊಂಡು
ಇಲ್ಲೇ ಇಳಿದುಬಿಟ್ಟೆ, ತಿರುಗಿ ನೋಡದೆ.

ಸಾಲಿನಲ್ಲಿ ಪಕ್ಕಕ್ಕೆ ಮಾಲೂರಿನ ಮುದುಕ,
ಹಾಲಿನ ಕವರಿನಲ್ಲಿ ಮಡಚಿಟ್ಟ ಹಳೇ ಚೀಟಿಗಳು.
'ಮೊದಲನೇ ಸಲವಾ? ತಿಂಡಿ ಆಯ್ತಾ?' ಅಂದ.
ಅಷ್ಟೇ ಅಂದದ್ದು. ಕಣ್ಣು ತುಂಬಿತು.

ಒಳಗಿಂದ ಕೂಗಿದರು: 'ಗಂಗಹನುಮಕ್ಕ ಯಾರ್ರೀ?'
ನನ್ನದೇ ರಾಗ, ನನ್ನದೇ ಅವಸರ.
ಎದ್ದೆ.

ಮನೆಯಲ್ಲಿ ಎಲ್ಲರೂ 'ಯಾಕೆ ಹಿಂಗಾಡ್ತೀಯ' ಎಂದವರೇ.
ಡಾಕ್ಟರಮ್ಮ 'ಏನಾಗುತ್ತೆ, ಹೇಳಿ' ಎಂದು ಪೆನ್ನು ಕೆಳಗಿಟ್ಟರು.
ಹೇಳಿದೆ. ಚಿಲ್ಲರೆ, ಸಿಗ್ನಲ್ಲು, ಗಾಳಿ.
'ಇದಕ್ಕೆ ಆತಂಕ ಅಂತೀವಿ, ತುಂಬಾ ಜನಕ್ಕೆ ಬರುತ್ತೆ.'
ಹೆಸರಿದೆ ಹಾಗಾದರೆ.
ಹೆಸರಿದ್ದರೆ ಎಲ್ಲಿ ಇಳಿಯಬೇಕೆಂದಾದರೂ ಗೊತ್ತಾಗುತ್ತದೆ.

ಮಾತ್ರೆ ಬರೆದರು. ಪ್ರತಿ ಗುರುವಾರ ಮಾತಿಗೆ ಬರಬೇಕು.
ಮತ್ತೆ ಬರಬಹುದು ಅದು, ಬಂದಾಗ
ಆರು ಎಣಿಸುತ್ತ ನಿಧಾನ ಉಸಿರು ಬಿಡಿ ಎಂದರು.
'ಎಣಿಸೋದು ನಂಗೆ ಚೆನ್ನಾಗಿ ಬರುತ್ತೆ ಮೇಡಂ' ಎಂದೆ.
ಇಬ್ಬರಿಗೂ ನಗು.

ನಾಳೆ ಫಸ್ಟ್ ಶಿಫ್ಟು.
ಈ ಸ್ಟಾಪು ಬರುತ್ತದೆ, ಕೂಗುತ್ತೇನೆ, ಯಾವನೋ ನಗುತ್ತಾನೆ.
ಕಿಟಕಿ ಪಕ್ಕದಲ್ಲಿ ಯಾರಾದರೂ
ಏಳಲೋ ಬೇಡವೋ ಎಂದು ಸೀಟಿನ ಕಂಬಿ ಹಿಡಿದು ಕೂತಿದ್ದರೆ,
ಸೀಟಿ ನನ್ನ ಬಾಯಲ್ಲೇ ಇರುತ್ತದೆ,
ಊದುವುದಿಲ್ಲ.