ನೂರಕ್ಕೆ ಒಂದೂವರೆ

ವಸಂತನರಸಾಪುರದ ಶೆಡ್ಡಿನಲ್ಲಿ
ಉಕ್ಕಿನ ಗಡಸು ಅಳೆಯುವುದು ನನ್ನ ಕೆಲಸ.
ವಜ್ರದ ಮೊನೆ ಒತ್ತಿ, ಮುಳ್ಳು ನಿಂತಲ್ಲಿ
ಅಂಕಿ ಬರೆದಿಡುತ್ತೇನೆ.
ಆ ವಾರದ ಪಿನ್ನುಗಳದ್ದು ಒಂದೇ ತಕರಾರು:
ಚರ್ಮಕ್ಕೆ ಐವತ್ತೆಂಟು, ನಡುವೆ ನಲವತ್ತು ದಾಟದು.
ಎಣ್ಣೆ ಸರಿಯಿತ್ತು. ಕುಲುಮೆ ಸರಿಯಿತ್ತು.
ಸರಬರಾಜಿನ ಕಾಗದಕ್ಕೆ ಮೊಹರೂ ಇತ್ತು:
ಇಂಗಾಲ ಒಂದು, ಕ್ರೋಮಿಯಂ ಒಂದೂವರೆ.

ಶನಿವಾರ, ಖಾಲಿ ಊಟದ ಡಬ್ಬಿಗೆ
ಒಂದು ಪಿನ್ನು ಹಾಕಿಕೊಂಡು
ಕೊರಟಗೆರೆ ಬಸ್ಸು ಹತ್ತಿದೆ.

ಸರ್ವಮಂಗಳಮ್ಮನ ಕುಲುಮೆ
ಪಂಚರ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ.
ಬಂಡೆ ಕೆಲಸದವರ ಉಳಿಗಳು
ಗೋಣಿಚೀಲದಲ್ಲಿ ಮೊಂಡಾಗಿ ಬರುತ್ತವೆ,
ಸಂಜೆಗೆ ಮೊನೆ ಹೊತ್ತು ಹೋಗುತ್ತವೆ.
ಅವಳ ಎಡಹುಬ್ಬಿನ ಮೇಲೆ
ಅಕ್ಕಿಕಾಳಿನಷ್ಟು ಕಲೆ.
ಕೇಳದೆಯೇ ಹೇಳಿದಳು:
"ಬೇರಿಂಗ್ ಉಕ್ಕು ಕಣವ್ವ. ನೀರಿಗೆ ಅದ್ದಿಬಿಟ್ಟೆ.
ಎಣ್ಣೆ ಕೇಳೋ ಜಾತಿಗೆ ನೀರು ಕೊಟ್ರೆ
ಸಿಟ್ಟು ಒಳಗಿಟ್ಕೊಂತದೆ.
ಮೊದಲ ಏಟಿಗೇ ಸಿಡೀತು."

ಕಾಗದ ತೋರಿಸಿದೆ. ಕನ್ನಡಕ ಹುಡುಕಲಿಲ್ಲ.
ಸಾಣೆಯ ಸ್ವಿಚ್ಚು ಒತ್ತಿದಳು.
ಮೊದಲು ಒಂದು ಸವೆದ ಅರ:
ಬಿಳಿ ಕಿಡಿ, ಉದುರುವ ಮುನ್ನವೇ ಕವಲು ಕವಲು,
ಜೋಳದ ಅರಳು ಸಿಡಿದ ಹಾಗೆ.
"ಇದು ಬರೀ ಇದ್ದಿಲು."
ಲಾರಿಯ ಪಟ್ಟಿ: ಗೆರೆ ಉದ್ದ, ಹೂವು ಕಡಿಮೆ.
"ಸಿಲಿಕಾನ್ ಅಂತೀರಂತೆ ನೀವು.
ನಾವು ಬಗ್ಗಿ ಏಳೋ ಉಕ್ಕು ಅಂತೀವಿ."
ಮುರಿದ ಡ್ರಿಲ್ ಬಿಟ್ಟು, ಟಂಗ್‌ಸ್ಟನ್ನಿನದು:
ಕತ್ತಲಲ್ಲಿ ಬೀಡಿ ತುದಿ ನಡೆದುಹೋದಂತೆ
ಕೆಂಪಗೆ, ಒಂದೊಂದೇ, ಹೂವೇ ಇಲ್ಲ.
ಆಮೇಲೆ ಬೇರಿಂಗಿನ ಬಳೆ:
ಕಿತ್ತಳೆ ಬಣ್ಣ, ಗಿಡ್ಡ ಕಿಡಿ,
ಮಾತು ಅರ್ಧಕ್ಕೇ ನುಂಗುವವನ ಹಾಗೆ.
"ನೋಡ್ಕೊ, ಕ್ರೋಮು.
ಇದ್ದಿಲಿನ ಆತುರ ಬಿಡಿಸ್ತದೆ.
ಗಡಸು ಒಳಗಂಟ ಹೋಗಾಕೆ ಹೊತ್ತು ಕೊಡ್ತದೆ."

ಕೊನೆಗೆ ನನ್ನ ಪಿನ್ನು.
ಜೋಳದ ಅರಳು.
ಮತ್ತೆ ಜೋಳದ ಅರಳು.
"ಒಂದೂವರೆ ಎಲ್ಲವ್ವ?" ಎಂದಳು
ಚಕ್ರ ನಿಂತ ಮೇಲೆ.

ಟೀ ಬಂತು. ಚನ್ನರಾಯನದುರ್ಗದ ಕಡೆ ಲೋಟ ಎತ್ತಿ
ಅತ್ತೆಯ ಅತ್ತೆಯ ಕಾಲದ್ದು ಹೇಳಿದಳು:
ಮಣ್ಣಿನ ಮೂಸೆ, ಕಬ್ಬಿಣದ ತುಂಡು,
ತಂಗಡಿ ಕಡ್ಡಿ, ಮೇಲೆರಡು ಹಸಿ ಎಲೆ,
ಬಾಯಿ ಮೆತ್ತಿ ರಾತ್ರಿಯೆಲ್ಲ ಉರಿ.
ಕಡ್ಡಿ ಎಷ್ಟು ಅಂದರೆ ಮುದುಕಿ ಮುಷ್ಟಿ ತೋರಿಸುತ್ತಿತ್ತಂತೆ.
ಮುಷ್ಟಿಗೆ ಮುಷ್ಟಿ ಬೇರೆಯಲ್ವಾ ಅಂದರೆ
ಸೊಸೆಯ ಕೈ ಹಿಡಿದು, ಬೆರಳು ಮಡಿಸಿ,
ಇನ್ನೊಂದು ಕಡ್ಡಿ ಕಿತ್ತುಬಿಡುತ್ತಿತ್ತಂತೆ.

ನಾನೂ ಬರೆದಿದ್ದೆ, ಡಿಪ್ಲೊಮಾ ಮೂರನೇ ವರ್ಷ:
ವನಾಡಿಯಂ ಕಣಗಳನ್ನು ಸಣ್ಣಗಿಡುತ್ತದೆ,
ಮ್ಯಾಂಗನೀಸ್ ಗಂಧಕದ ಕೈ ಕಟ್ಟುತ್ತದೆ,
ನಿಕಲ್ ಏಟು ತಾಳುವುದನ್ನು ಕಲಿಸುತ್ತದೆ.
ಇಪ್ಪತ್ತಕ್ಕೆ ಹದಿನಾರು ಬಂದಿತ್ತು.
ಆ ಯಾವ ವಾಕ್ಯದಲ್ಲೂ ಹುಬ್ಬು ಇರಲಿಲ್ಲ.

ಕೊನೆಯ ಬಸ್ಸಿನ ಹೊತ್ತಿಗೆ ಪಿನ್ನು ಕೇಳಿದೆ.
ಕೊಡಲಿಲ್ಲ.
"ಇದ್ರದ್ದೇನು ತಪ್ಪು? ನೀರು ಕೊಟ್ಟು,
ಬದನೆಕಾಯಿ ಬಣ್ಣ ಬರೋಗಂಟ ಮತ್ತೆ ಕಾಸಿದ್ರೆ
ಒಳ್ಳೆ ಉಳಿ ಆಗ್ತದೆ.
ಹೆಸರು ಬರೆದೋನು ತಪ್ಪು ಬರೆದವ್ನೆ."

ಸೋಮವಾರ ರಿಜಿಸ್ಟರಿನಲ್ಲಿ
'ಪರೀಕ್ಷೆಯ ವಿಧಾನ' ಎಂಬ ಕಾಲಮ್ಮು.
ಮೇಲ್ವಿಚಾರಕ ಪುಟ್ಟಮಾದಯ್ಯ ಕಾಯುತ್ತಿದ್ದರು.
'ಜೋಳದ ಅರಳು' ಎಂದು ಬರೆದು,
ಹೊಡೆದುಹಾಕಿ,
'ಸಾಣೆ' ಎಂದು ಬರೆದೆ.
ಮಧ್ಯಾಹ್ನ ಅನ್ನಕ್ಕೆ
ಉಕ್ಕಿನ ಎಣ್ಣೆಯ ವಾಸನೆ.