ಮಕ್ತುಂಬಿಯ ಎಣ್ಣಿ

ಲ್ಯಾಬಿನಾಗ ನಾ ಶೀಸಾ ತೊಳಿಯಾಕಿ,
ಹನ್ನೊಂದು ವರ್ಷ ಆತು.
ನಮ್ಮ ಓಣಿಗಿ ಮಾತ್ರ ನಾನಽ ದೊಡ್ಡ ಸೈಂಟಿಸ್ಟ್.
ಹಾಲಿನಾಗ ನೀರೆಷ್ಟು, ಅರಿಷಿಣದಾಗ ಬಣ್ಣ ಯಾವುದು,
ಎಲ್ಲಾ ನನ್ನ ಮೂಗಿಗೇ ತಂದು ಹಿಡಿತಾರ.

ಮೊನ್ನಿ ಸಂಜಿಗಿ ಶಹಾಬಜಾರ ನಾಕಾದಾಗ
ಮಿರ್ಚಿ ತಿನ್ನಲಾಕ ನಿಂತಿದ್ದೆ.
ಮಕ್ತುಂಬಿ ಝಾರಾ ಎತ್ತಿ ಹಿಡದು
ಹಿಟ್ಟು ಬಿಡದಽ ನಿಂತಳು.
‘ನೀಲಗಂಗಾ, ಖರೇ ಹೇಳು.
ಈ ಎಣ್ಣಿ ಹತ್ತಿ ಕಾಳಿಂದು.
ಹುಳ ಸಾಯ್ಲಿ ಅಂತ ಆ ಹತ್ತ್ಯಾಗ
ಯಾವುದೋ ಜೀವದ್ದು ತುಣುಕು ಹೊಲದಾರಂತ.
ನಮ್ಮ ರಾಬಿಯಾಗ ಈಗ ಆರು ತುಂಬ್ಯಾವ,
ದಿನಾ ನಾಕು ಮಿರ್ಚಿ ಬೇಕಽ ಬೇಕು ಆಕಿಗಿ.
ಒಳಗಿಂದು ಹುಳಕ್ಕಿಂತ ಭಾಳ ದೊಡ್ಡದೇನಲ್ಲಲಾ?’

ಗೊತ್ತಿದ್ದಾರ ಗತೆ ನಾ ತಲಿ ಹಾಕಿದೆ.
ಔಷಧಿ ಶೀಸಾ ಒಂದರಾಗ ಕಡಾಯಿ ಎಣ್ಣಿ,
ಇನ್ನೊಂದರಾಗ ಡಬ್ಬಿದು ಹುಯ್ಸಿಕೊಂಡೆ.
ಮನಿ ಮುಟ್ಟೋ ತನಕ ಬ್ಯಾಗಿನಾಗ
ಒಂದು ಬೆಚ್ಚಗ, ಒಂದು ತಣ್ಣಗ.

ಮುಂಜಾನೆ ಪಂಚಾಳ ಸರ್ ಫಾರಂ ತಿರುವಿದ್ರು.
ಬಣ್ಣಕ್ಕ ಒಂದು ಕಾಲಂ, ಕಮಟಿಗಿ ಒಂದು,
ಬೆರಕಿಗಿ ಎರಡು.
‘ನೀ ಕೇಳೋದಕ್ಕ ಇಲ್ಲಿ ಕಾಲಂ ಇಲ್ಲ ನೋಡು’ ಅಂದ್ರು.
ಅಂದು ಸುಮ್ಮನಾಗಲಿಲ್ಲ, ಒಳ್ಳೆ ಮನಷ್ಯಾ.
‘ಹುಳದ ಹೊಟ್ಟ್ಯಾಗ ಒಂದು ಕೀಲಿ ಅದ,
ಈ ವಿಷ ಆ ಕೀಲಿಗಿ ಮಾಡಿದ ಕೈ.
ನಮ್ಮ ಹೊಟ್ಟ್ಯಾಗ ಆ ಕೀಲಿನೇ ಇಲ್ಲ.
ಮ್ಯಾಲ, ಗಾಣ ದಾಟಿ, ಕುದ್ದು, ಸೋಸಿ ಬಂದ ಎಣ್ಣ್ಯಾಗ
ಆ ಕೈಯೂ ಉಳಿಯಂಗಿಲ್ಲ, ಹೆಚ್ಚುಕಮ್ಮಿ.
ಇವತ್ತಿನ ತನಕ ಯಾರಿಗೂ ಏನೂ ಕಂಡಿಲ್ಲ.’

‘ಇವತ್ತಿನ ತನಕ’ ಅನ್ನೋದನ್ನ
ನಾ ಬ್ಯಾರೆ ಶೀಸಾದಾಗ ತೆಗೆದಿಟ್ಟೆ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಬಾಳಿಹಣ್ಣು ಸುಲದ್ರು.
‘ಕ್ಲೋನ್ ಅಂದ್ರ ಅಂಜ್ತಾರ ಮಂದಿ. ಇದೇನು ಮತ್ತ?
ಒಂದಽ ತಾಯಿ ಬುಡದ ಕಂದು, ಆ ಕಂದಿನ ಕಂದು.
ತೊಟ್ಟಿಲದಾಗಿಂದ ತಿಂದು ಬೆಳದೀವಿ.’
ನಾ ನನ್ನ ಹಣ್ಣು ಮುರದು ನೋಡಿದೆ.
ನಡು ಗೆರಿಗುಂಟ ಸಣ್ಣ ಸಣ್ಣ ಕರಿ ಚುಕ್ಕಿ,
ಬೀಜ ಆಗಬೇಕಂತ ಹೊಂಟು
ದಾರ್ಯಾಗ ಮರತು ಕುಂತಿದ್ದವು.
‘ಆಕಳಾನೂ ಹಿಂಗಽ ಮಾಡಿದ್ರ?’
‘ಹಾಲಿಗೇನೂ ಆಗಂಗಿಲ್ಲ. ಅಂಥ ಕರ ಬದಕೋದು ಕಮ್ಮಿ’
ಅಂದು ಕೈ ತೊಳಕೊಳ್ಳಲಾಕ ಎದ್ದು ಹೋದ್ರು.

ನಾಕು ಗಂಟೆಕ್ಕ ರಿಪೋರ್ಟ್.
ಡಬ್ಬಿ ಎಣ್ಣಿ ಪಾಸ್. ಕಡಾಯಿ ಎಣ್ಣಿ ಫೇಲ್.
ಮೊನ್ನಿದರ ಮ್ಯಾಲ ನಿನ್ನಿದು,
ಅದರ ತಳಕ್ಕ ಆಚಿ ಸೋಮವಾರದ್ದು,
ಕುದ್ದು ಕುದ್ದು ಹೊಗಿ ನುಂಗಿದ ಎಣ್ಣಿ.
ಸರ್ ಕೆಂಪು ಶಾಯಿಲೆ ಗೆರಿ ಹೊಡದು
‘ಇದು ತಿನಬಾರದು’ ಅಂದ್ರು,
ಇಡೀ ದಿನದಾಗ ಒಂದಽ ಸಲ
‘ಇವತ್ತಿನ ತನಕ’ ಅನ್ನದಽ.

ನಾಕಾಕ್ಕ ಬಂದಾಗ ದೀಪ ಹತ್ತಿದ್ದವು.
ರಾಬಿಯಾ ಸ್ಟೂಲ್ ಮ್ಯಾಲ ಕುಂತು
ಮೆಣಸಿನಕಾಯಿ ಸೀಳಲತ್ತಿದ್ದಳು.
‘ಹತ್ತಿದೇನೂ ತಪ್ಪಿಲ್ಲಂತ’ ಅಂದೆ ಮೊದಲ.
ಮಕ್ತುಂಬಿ ಮಾರಿ ಕಂದೀಲ ಆತು.
ಎರಡನೇ ಮಾತು ಗಂಟಲದಾಗಽ
ದೇಟು ಸಮೇತ ನಿಂತಿತ್ತು.
‘ಕಡಾಯಿ ಎಣ್ಣಿ ದಿನಾ ಚೆಲ್ಲಬೇಕು, ಅಕ್ಕಾ.’

ಸಿಟ್ಟಾಗಲಿಲ್ಲ ಆಕಿ. ಝಾರಾ ಕೆಳಗಿಟ್ಟು
ಬೆರಳು ಮಡಚಿ ಲೆಕ್ಕಾ ಹಾಕಿದಳು,
ಡಬ್ಬಿಗಿ ಎಷ್ಟು, ಹಿಟ್ಟಿಗಿ ಎಷ್ಟು,
ಪ್ಲೇಟಿಗಿ ಎಷ್ಟು ಏರಿಸಿದ್ರ ಎಷ್ಟು ಮಂದಿ ಉಳಿತಾರ.
ಕಿರಿಬೆರಳಿಗಿ ಬಂದು ಲೆಕ್ಕಾ ನಿಂತಿತು. ಮಡಚಲಿಲ್ಲ.
‘ಹತ್ತ್ಯಾಗಽ ವಿಷ ಇದ್ದಿದ್ರ ಚಲೋ ಇತ್ತು ನೋಡು,’ ಅಂದಳು,
‘ಬೈಲಾಕರೆ ಯಾರಾರ
ದೂರದಾಗ ಇರತಿದ್ರು.’

ರಾಬಿಯಾ ಹಸಿ ಮೆಣಸಿನಕಾಯಿ ಒಂದು
ಉಪ್ಪಿಗಿ ಒತ್ತಿ
ಕಟುಂ ಅಂತ ಕಡದಳು.